ಯುದ್ಧ ಒಂದು ತಿಂಗಳು, ತುರ್ತುಪರಿಸ್ಥಿತಿ ಐದು ವರ್ಷ

ತುರ್ತುಪರಿಸ್ಥಿತಿ ಅಂದ ಕೂಡಲೇ ನಮಗೆ ನೆನಪಾಗುವುದು 1975. ಅದಕ್ಕೂ ಮೊದಲು ಒಂದಿತ್ತು. ಚೀನಾ ಗಡಿ ದಾಟಿ ಬಂದಾಗ, 1962ರ ಅಕ್ಟೋಬರ್ 26ರಂದು ಘೋಷಿಸಿದ್ದು. ನವೆಂಬರ್ ಮುಗಿಯುವುದರೊಳಗೆ ಗುಂಡಿನ ಸದ್ದು ನಿಂತಿತು. ಘೋಷಣೆ ಮಾತ್ರ 1968ರ ಜನವರಿ 10ರವರೆಗೂ ಜಾರಿಯಲ್ಲಿತ್ತು. 1967ರ ಲೋಕಸಭಾ ಚುನಾವಣೆ ನಡೆದದ್ದೂ ಅದರ ನೆರಳಲ್ಲೇ.

ಮುಂದುವರಿಸಲು ಯಾರೂ ಏನೂ ಮಾಡಬೇಕಿರಲಿಲ್ಲ. ಸಂಸತ್ತು ಒಮ್ಮೆ ಒಪ್ಪಿದರೆ ಸಾಕು, ಹಿಂತೆಗೆಯುವ ತನಕ ನಡೆಯುತ್ತಿತ್ತು. ನಮ್ಮ ಪ್ರಾಜೆಕ್ಟುಗಳಲ್ಲಿ ಒಬ್ಬನಿಗೆ ತಾತ್ಕಾಲಿಕ ಆಕ್ಸೆಸ್ ಕೊಡುವಾಗಲೂ ಕೊನೆಯ ದಿನಾಂಕ ಕೇಳುತ್ತೇವಲ್ಲ!

ಚೀನಾದ ಹೆಸರಲ್ಲಿ ಬಂದ ಭಾರತ ರಕ್ಷಣಾ ನಿಯಮಗಳು ಯಾರನ್ನು ಹಿಡಿದವು? ಕಾಗೋಡು ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾಗಿದ್ದ, ನಾನೀಗ ಇರುವ ಹೈದರಾಬಾದಿನಿಂದ ‘ಮ್ಯಾನ್‌ಕೈಂಡ್’ ಪತ್ರಿಕೆ ಹೊರಡಿಸಿದ್ದ ಲೋಹಿಯಾರನ್ನೂ ಹಿಡಿದವು. 1965ರ ಆಗಸ್ಟಿನಲ್ಲಿ, ಬಿಹಾರದಲ್ಲಿ. ಸೆಪ್ಟೆಂಬರ್ 7ರಂದು, ಪಾಕಿಸ್ತಾನದೊಡನೆ ಯುದ್ಧ ನಡೆಯುತ್ತಿರುವಾಗಲೇ, ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಬಂಧನದ ಆದೇಶದಲ್ಲಿದ್ದದ್ದು ‘ಕಾನೂನು ಮತ್ತು ಸುವ್ಯವಸ್ಥೆ’, ನಿಯಮದಲ್ಲಿದ್ದದ್ದು ‘ಸಾರ್ವಜನಿಕ ಸುವ್ಯವಸ್ಥೆ’. ಎರಡೂ ಒಂದೇ ಅಲ್ಲ ಎಂದಿತು. ನನ್ನ ಪ್ರಕಾರ ಅವರನ್ನು ಕಾಪಾಡಿದ್ದು ಅಧಿಕಾರಿಯೊಬ್ಬರ ಪದಬಳಕೆ.

1971ರ ಡಿಸೆಂಬರ್ 3ರ ಘೋಷಣೆಯದೂ ಇದೇ ಕಥೆ. ಯುದ್ಧ ಎರಡು ವಾರ, ಘೋಷಣೆ 1977ರ ಮಾರ್ಚ್‌ವರೆಗೆ. ಆರು ತಿಂಗಳಿಗೊಮ್ಮೆ ಸಂಸತ್ತು ಮತ್ತೆ ಒಪ್ಪಲೇಬೇಕೆಂಬ ಷರತ್ತು ಸಂವಿಧಾನಕ್ಕೆ ಸೇರಿದ್ದು ಆಮೇಲೆ, 1978ರ 44ನೇ ತಿದ್ದುಪಡಿಯಿಂದ.