ಜಿದ್ದು ಬೇರೆ, ಸ್ಪರ್ಧೆ ಬೇರೆ

ಜಿದ್ದು (ನಾಮಪದ): ಹಠ, ಛಲ, ಹಗೆ.

ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ಕ್ಷೇತ್ರ ಕ್ಷೇತ್ರವೂ ‘ಜಿದ್ದಾಜಿದ್ದಿನ ಕಣ’. ನಾಲ್ವರು ನಾಮಪತ್ರ ಸಲ್ಲಿಸಿದಲ್ಲೆಲ್ಲ ಈ ಪದ ಅಂಟಿಸುವುದು ಸರಿಯಲ್ಲ. ಅರಬ್ಬಿ ಮೂಲದಲ್ಲಿ ‘ಜಿದ್ದು’ವಿನ ಅರ್ಥ ವಿರುದ್ಧವಾದದ್ದು, ಎದುರಾದದ್ದು. ಪಾರಸಿಯ ಮೂಲಕ ಉರ್ದು, ಹಿಂದಿಗಳಿಗೆ ಬಂದಾಗ ‘ಜಿದ್’ ಹಠವಾಯಿತು. ಮಕ್ಕಳು ಹಿಡಿಯುವ ರಚ್ಚೆಗೂ ಅಲ್ಲಿ ಅದೇ ಹೆಸರು. ಮರಾಠಿಯ ‘ಜಿದ್ದ್’ ಮೆಚ್ಚುಗೆಯ ಮಾತು: ಕಷ್ಟಕ್ಕೆ ಬಗ್ಗದ ನಿರ್ಧಾರ. ಕನ್ನಡವಾದರೋ ಮೂಲದ ವಿರೋಧವನ್ನು ಬಿಟ್ಟುಕೊಡಲಿಲ್ಲ. ‘ಅವರಿಬ್ಬರಿಗೂ ಹಳೇ ಜಿದ್ದು’ ಎಂದರೆ ಹಗೆಯೇ. ‘ಜಿದ್ದು ತೀರಿಸಿಕೊಂಡ’ ಎಂದರೆ ಸೇಡೇ.

ಇಂದಿನ ಬಳಕೆಯ ‘ಸ್ಪರ್ಧೆ’ಗೆ ಗುರಿಯೊಂದಿದ್ದರೆ ಸಾಕು, ಜಿದ್ದಿಗೆ ಎದುರಾಳಿಯ ಮುಖವೇ ಬೇಕು. ಓಟದ ಪಂದ್ಯದಲ್ಲಿ ಎಂಟು ಮಂದಿ ಪರಸ್ಪರ ಪರಿಚಯವಿಲ್ಲದೆಯೂ ಸ್ಪರ್ಧಿಸಬಹುದು, ಜಿದ್ದಿಗೆ ಬೀಳಲಾರರು. ಹಾಗಾದರೆ ‘ಜಿದ್ದಿಗೆ ಬಿದ್ದು ಓದಿದಳು’ ಎನ್ನುವಾಗ ಎದುರಾಳಿ ಯಾರು ಎಂದು ಕೇಳಬಹುದು. ‘ನಿನ್ನ ಕೈಲಿ ಎಲ್ಲಾಗುತ್ತೆ’ ಎಂದವರೇ ಅಲ್ಲಿ ಎದುರಾಳಿಗಳು. ಅವರು ಪರೀಕ್ಷೆಗೆ ಕೂರಬೇಕಿಲ್ಲ. ಆದ್ದರಿಂದ ಹಳೆಯ ವೈರಿಗಳಿಬ್ಬರು ಮುಖಾಮುಖಿಯಾದಾಗಷ್ಟೇ ‘ಜಿದ್ದಾಜಿದ್ದಿ’ ಎನ್ನೋಣ. ಉಳಿದೆಡೆ ‘ಪೈಪೋಟಿ’ ಸಾಕು. ತಮಿಳಿನ ‘ಪೋಟ್ಟಿ’, ತೆಲುಗಿನ ‘ಪೋಟಿ’ಗಳ ಬಳಗದ ಈ ಪದಕ್ಕೆ ಹಗೆಯ ಸೋಂಕಿಲ್ಲ.