ಗಣಕಯಂತ್ರದ ಸ್ತಂಭನ

ಗಣಕಯಂತ್ರದ ಸ್ತಂಭನ ಎಂದರೆ ಚಾಲನೆಯಲ್ಲಿರುವ ಗಣಕಯಂತ್ರವು ಆರಿಹೋಗದೆ, ಮರುಚಾಲನೆಗೂ ಒಳಗಾಗದೆ, ಬಳಕೆದಾರರ ಯಾವುದೇ ಆದೇಶಕ್ಕೆ ಸ್ಪಂದಿಸದೆ ನಿಂತುಬಿಡುವ ಸ್ಥಿತಿ. ಆಡುಮಾತಿನಲ್ಲಿ ಇದನ್ನು ‘ಹ್ಯಾಂಗ್ ಆಗುವುದು’ ಎನ್ನುತ್ತಾರೆ. ಭಾರಿ ಆಟಗಳಿಗಾಗಿ ಮನೆಯಲ್ಲೇ ಜೋಡಿಸಿಕೊಂಡ ಗಣಕಯಂತ್ರಗಳಲ್ಲಿ ಈ ದೋಷದ ಪತ್ತೆ ವಿಶೇಷವಾಗಿ ಕಷ್ಟಕರ. ಸಿದ್ಧರೂಪದಲ್ಲಿ ಕೊಂಡ ಯಂತ್ರಕ್ಕೆ ಒಬ್ಬನೇ ತಯಾರಕ ಹೊಣೆಗಾರನಾಗಿರುತ್ತಾನೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಯಂತ್ರದಲ್ಲಾದರೋ ಪ್ರತಿ ಭಾಗಕ್ಕೂ ಬೇರೆ ತಯಾರಕ, ಬೇರೆ ವಾರಂಟಿ. ಆದ್ದರಿಂದ ಯಾವ ಭಾಗ ಕೆಟ್ಟಿದೆ ಎಂಬುದನ್ನು ತೋರಿಸಿಕೊಡುವ ಹೊರೆ ಮಾಲೀಕರ ಮೇಲೆಯೇ ಬೀಳುತ್ತದೆ.

ಸ್ತಂಭನದ ಬಗೆಗಳು

ನಿಂತಿರುವುದು ಇಡೀ ಯಂತ್ರವೋ ಅಥವಾ ಅದರ ಒಂದು ಅಂಗವೋ ಎಂಬುದು ಮೊದಲು ನಿರ್ಧಾರವಾಗಬೇಕಾದ ಸಂಗತಿ. ಒಂದೇ ತಂತ್ರಾಂಶ ನಿಂತಿದ್ದರೆ ಮೌಸ್‌ನ ಬಾಣ ಚಲಿಸುತ್ತಿರುತ್ತದೆ. ಸುಮಾರು 5 ಸೆಕೆಂಡುಗಳ ಕಾಲ ತನಗೆ ಬಂದ ಸಂದೇಶಗಳನ್ನು ಸ್ವೀಕರಿಸದ ಕಿಟಕಿಯನ್ನು ವಿಂಡೋಸ್ ‘ಸ್ಪಂದಿಸುತ್ತಿಲ್ಲ’ ಎಂದು ಗುರುತಿಸುತ್ತದೆ. ಚಿತ್ರ ನಿಂತು ಧ್ವನಿ ಮುಂದುವರಿದರೆ ಗ್ರಾಫಿಕ್ಸ್ ಕಾರ್ಡ್ ಅಥವಾ ಅದರ ಚಾಲಕ ತಂತ್ರಾಂಶದ ಮೇಲೆ ಅನುಮಾನ ಮೂಡುವುದು ಸಹಜ. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಚಾಲಕವು ಮರುಚಾಲನೆಗೊಳ್ಳುತ್ತದೆ.

ಕ್ಯಾಪ್ಸ್ ಲಾಕ್ ಕೀಲಿಯು ಸರಳವೂ ಉಪಯುಕ್ತವೂ ಆದ ಪರೀಕ್ಷಾ ಸಾಧನ. ಸಾಮಾನ್ಯವಾಗಿ ಅದರ ದೀಪವನ್ನು ಹೊತ್ತಿಸಿ ಆರಿಸುವುದು ಕಾರ್ಯಾಚರಣಾ ವ್ಯವಸ್ಥೆಯೇ ಹೊರತು ಕೀಲಿಮಣೆಯಲ್ಲ. ಪರದೆ ನಿಂತಿದ್ದರೂ ದೀಪ ಬದಲಾಗುತ್ತಿದ್ದರೆ ವ್ಯವಸ್ಥೆಯ ಒಳತಿರುಳು ಇನ್ನೂ ಜೀವಂತವಾಗಿದೆ. ದೀಪವೂ ಸ್ಪಂದಿಸದೆ, ಧ್ವನಿಯು ಒಂದೇ ತುಣುಕಿನಲ್ಲಿ ಗರಗರನೆ ಸಿಕ್ಕಿಕೊಂಡಿದ್ದರೆ ಅದು ಬಹುಮಟ್ಟಿಗೆ ಪೂರ್ಣ ಸ್ತಂಭನ. ಇದಕ್ಕೆ ಹೆಚ್ಚಾಗಿ ಯಂತ್ರಾಂಶದ ದೋಷ ಅಥವಾ ಚಾಲಕ ತಂತ್ರಾಂಶದ ದೋಷ ಕಾರಣವಾಗಿರುತ್ತದೆ.

ಪೂರ್ಣವಾಗಿ ಸ್ತಂಭಿಸಿದ ಯಂತ್ರವು ತನ್ನ ಕೊನೆಯ ಕ್ಷಣವನ್ನು ಬರೆದಿಡಲಾರದು. ವಿಂಡೋಸ್‌ನ ಘಟನಾ ದಾಖಲೆಯಲ್ಲಿ ಕಾಣಿಸುವ ‘ಕರ್ನಲ್-ಪವರ್ 41’ ಎಂಬ ನಮೂದನ್ನು ವಿದ್ಯುತ್ ಪೂರೈಕೆಯ ದೋಷವೆಂದು ಅನೇಕರು ಅರ್ಥೈಸುತ್ತಾರೆ. ಆದರೆ ಯಂತ್ರವು ಕ್ರಮಬದ್ಧವಾಗಿ ಮುಚ್ಚದೆ ಮತ್ತೆ ಆರಂಭವಾಯಿತು ಎಂಬುದಷ್ಟೇ ಅದರ ಅರ್ಥ. ಗುಂಡಿ ಒತ್ತಿ ಬಲವಂತವಾಗಿ ಆರಿಸಿದರೂ ಅದೇ ನಮೂದು ಮೂಡುತ್ತದೆ. ‘ವಿಯಾ-ಲಾಗರ್’ ಹೆಸರಿನ ನಮೂದುಗಳಿಗೆ ಹೆಚ್ಚಿನ ಬೆಲೆಯಿದೆ. ಅವು ಪ್ರೊಸೆಸರ್ ಅಥವಾ ಇತರ ಯಂತ್ರಾಂಶವು ಸ್ವತಃ ವರದಿ ಮಾಡಿದ ದೋಷಗಳು.

ಕಾರಣಗಳು

ಹೊಸದಾಗಿ ಜೋಡಿಸಿದ ಯಂತ್ರದಲ್ಲಿ ಮೊದಲು ಶಂಕಿಸಬೇಕಾದದ್ದು ರ‍್ಯಾಮ್. ಪೆಟ್ಟಿಗೆಯ ಮೇಲೆ ಮುದ್ರಿತವಾದ ವೇಗವು ರ‍್ಯಾಮ್ ಪಟ್ಟಿಯ ಸಹಜ ವೇಗವಲ್ಲ. 6000 ಎಂದು ಬರೆದಿರುವ ಡಿಡಿಆರ್5 ಪಟ್ಟಿಯು ಸಾಮಾನ್ಯವಾಗಿ 4800ರ ವೇಗದಲ್ಲಿ ಆರಂಭವಾಗುತ್ತದೆ. ಬಯೋಸ್‌ನಲ್ಲಿ ಇಂಟೆಲ್‌ನ ಎಕ್ಸ್‌ಎಂಪಿ ಅಥವಾ ಎಎಂಡಿಯ ಎಕ್ಸ್‌ಪೋ ವ್ಯವಸ್ಥೆಯನ್ನು ಸಕ್ರಿಯಗೊಳಿಸಿದಾಗ ಮಾತ್ರ ಮುದ್ರಿತ ವೇಗ ತಲುಪುತ್ತದೆ. ಈ ಎರಡನ್ನೂ ಅವುಗಳ ತಯಾರಕರೇ ಮಿತಿಮೀರಿದ ಚಾಲನೆ, ಅಂದರೆ ಓವರ್‌ಕ್ಲಾಕಿಂಗ್ ಎಂದು ಪರಿಗಣಿಸುತ್ತಾರೆ. ಪ್ರೊಸೆಸರ್‌ನ ಒಳಗಿರುವ ಸ್ಮೃತಿ ನಿಯಂತ್ರಕವು ಆ ವೇಗವನ್ನು ತಾಳಿಕೊಳ್ಳುತ್ತದೆ ಎಂಬ ಖಾತರಿಯಿಲ್ಲ. ಎರಡರ ಬದಲು ನಾಲ್ಕು ಪಟ್ಟಿಗಳನ್ನು ಕೂರಿಸಿದರೆ ಅದರ ಮೇಲಿನ ಹೊರೆ ಇನ್ನೂ ಹೆಚ್ಚುತ್ತದೆ. ಪೆನ್‌ಡ್ರೈವ್‌ನಿಂದ ನಡೆಸಬಹುದಾದ ಮುಕ್ತ ತಂತ್ರಾಂಶ ‘ಮೆಮ್‌ಟೆಸ್ಟ್86+’ ಒಂದೇ ಒಂದು ತಪ್ಪನ್ನು ತೋರಿಸಿದರೂ ಆ ಸ್ಮೃತಿಯನ್ನು ಅದೇ ವೇಗದಲ್ಲಿ ನಂಬುವಂತಿಲ್ಲ. ತಪ್ಪು ಕಾಣದಿರುವುದು ಮಾತ್ರ ನಿರ್ದೋಷಕ್ಕೆ ಪುರಾವೆಯಲ್ಲ.

ಉಷ್ಣತೆಯು ಪಡೆದ ಅಪಖ್ಯಾತಿ ಅದರ ಅಪರಾಧಕ್ಕಿಂತ ದೊಡ್ಡದು. ಇಂದಿನ ಪ್ರೊಸೆಸರ್‌ಗಳು ಸುಮಾರು 95 ರಿಂದ 105 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ; ಮಿತಿ ದಾಟಿದರೆ ಯಂತ್ರ ಆರಿಹೋಗುತ್ತದೆ. ಆದ್ದರಿಂದ ಅತಿಯಾದ ಉಷ್ಣತೆ ಸಾಮಾನ್ಯವಾಗಿ ನಿಧಾನಗತಿಯಾಗಿ ಅಥವಾ ಹಠಾತ್ ಆರುವಿಕೆಯಾಗಿ ತೋರುತ್ತದೆ, ಸ್ತಂಭನವಾಗಿ ಅಪರೂಪ. ಹಾಗಿದ್ದರೂ ಕೂಲರ್‌ನ ತಳದಲ್ಲಿರುವ ರಕ್ಷಣಾ ಹಾಳೆಯನ್ನು ತೆಗೆಯದೆಯೇ ಜೋಡಿಸುವವರು ಇದ್ದೇ ಇದ್ದಾರೆ.

ವಿದ್ಯುತ್ ಪೂರೈಕೆ ಘಟಕದ 12 ವೋಲ್ಟ್ ತಂತಿಯಲ್ಲಿ ಶೇಕಡ 5ರಷ್ಟು ಏರಿಳಿತಕ್ಕೆ ಅವಕಾಶವಿದೆ, ಅಂದರೆ 11.4 ರಿಂದ 12.6 ವೋಲ್ಟ್. ಆದರೆ ಗ್ರಾಫಿಕ್ಸ್ ಕಾರ್ಡ್‌ಗಳು ಕ್ಷಣಮಾತ್ರದಲ್ಲಿ ಸೆಳೆಯುವ ಅಧಿಕ ಶಕ್ತಿಯಿಂದಾಗುವ ಕುಸಿತ ಸಾಮಾನ್ಯ ಮಾಪಕಗಳ ಕಣ್ಣಿಗೆ ಬೀಳುವುದಿಲ್ಲ. ಸುಮ್ಮನಿದ್ದಾಗ ಸ್ತಂಭಿಸುವ ಯಂತ್ರಗಳೂ ಇವೆ. ಮೊದಲ ಪೀಳಿಗೆಯ ರೈಜನ್ ಪ್ರೊಸೆಸರ್‌ಗಳು ಲಿನಕ್ಸ್‌ನಲ್ಲಿ ಕೆಲಸವಿಲ್ಲದ ವೇಳೆಯಲ್ಲೇ ನಿಂತುಬಿಡುತ್ತಿದ್ದವು. ಆಳವಾದ ನಿದ್ರಾಸ್ಥಿತಿಗೆ ಜಾರದಂತೆ ಬಯೋಸ್‌ನಲ್ಲಿ ತಡೆದಾಗ ಅನೇಕರಲ್ಲಿ ತೊಂದರೆ ನಿವಾರಣೆಯಾಯಿತು.

ಶೇಖರಣಾ ಸಾಧನದ ದೋಷವಿದ್ದಾಗ ಬಾಣ ಚಲಿಸಿದರೂ ತೆರೆದ ಕಡತಗಳು ಒಂದೊಂದಾಗಿ ನಿಲ್ಲುತ್ತವೆ. ಕ್ರೂಷಿಯಲ್ ಎಂ4 ಎಂಬ ಎಸ್‌ಎಸ್‌ಡಿ ಒಟ್ಟು 5184 ಗಂಟೆ ಚಲಿಸಿದ ಬಳಿಕ ಗಂಟೆಗೊಮ್ಮೆ ಸ್ಪಂದನೆ ಕಳೆದುಕೊಳ್ಳುತ್ತಿತ್ತು. ಅದರ ಅಂತಸ್ಥ ತಂತ್ರಾಂಶದ ತಪ್ಪನ್ನು 2012ರ ಜನವರಿಯಲ್ಲಿ ಸರಿಪಡಿಸಲಾಯಿತು.

ಇಂಟೆಲ್ ಪ್ರೊಸೆಸರ್‌ಗಳ ಪ್ರಕರಣ

2022 ಮತ್ತು 2023ರಲ್ಲಿ ಬಿಡುಗಡೆಯಾದ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೋರ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಕಂಡುಬಂದ ಅಸ್ಥಿರತೆಯು ಈ ವಿಷಯದ ಅತ್ಯಂತ ಪ್ರಸಿದ್ಧ ಉದಾಹರಣೆ. ಅನ್‌ರಿಯಲ್ ಎಂಜಿನ್ ಆಧಾರಿತ ಆಟಗಳು ಪದೇ ಪದೇ ಕುಸಿಯುತ್ತಿದ್ದವು. ತೋರುತ್ತಿದ್ದ ಸಂದೇಶವೋ ಗ್ರಾಫಿಕ್ಸ್ ಸ್ಮೃತಿ ಸಾಲದು ಎಂಬುದು. ಹೀಗಾಗಿ ದೋಷವಿಲ್ಲದ ಗ್ರಾಫಿಕ್ಸ್ ಕಾರ್ಡ್‌ಗಳು ಸಂಶಯಕ್ಕೆ ಒಳಗಾದವು. ಆಟದ ಕಡತಗಳನ್ನು ಬಿಚ್ಚುವಾಗ ಪ್ರೊಸೆಸರ್ ಮಾಡುತ್ತಿದ್ದ ತಪ್ಪೇ ಇದರ ಹಿಂದಿತ್ತು.

ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಬೇಡುತ್ತಿದೆ ಎಂದು ಇಂಟೆಲ್ 2024ರ ಜುಲೈನಲ್ಲಿ ಪ್ರಕಟಿಸಿತು. ಆಗಸ್ಟ್‌ನಲ್ಲಿ ಬಂದ ಮೈಕ್ರೋಕೋಡ್ ಪರಿಷ್ಕರಣೆಯು ಆ ಬೇಡಿಕೆಯನ್ನು 1.55 ವೋಲ್ಟ್‌ಗೆ ಮಿತಿಗೊಳಿಸಿತು. ಬಾಧಿತ ಮಾದರಿಗಳ ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಲಾಯಿತು. ಅಧಿಕ ವೋಲ್ಟೇಜ್ ಮತ್ತು ಉಷ್ಣತೆಯಿಂದ ಗಡಿಯಾರ ಸಂಕೇತ ಹಂಚುವ ಮಂಡಲವು ಸವೆಯುತ್ತಿತ್ತೆಂದು ಸೆಪ್ಟೆಂಬರ್‌ನಲ್ಲಿ ಕಂಪನಿ ವಿವರಿಸಿತು. ಪರಿಷ್ಕರಣೆಯು ಮುಂದಿನ ಸವೆತವನ್ನು ತಡೆಯಬಲ್ಲದೇ ಹೊರತು ಆಗಿಹೋದ ಹಾನಿಯನ್ನು ಸರಿಪಡಿಸಲಾರದು. ಅಂತಹ ಪ್ರೊಸೆಸರನ್ನು ಬದಲಾಯಿಸುವುದೊಂದೇ ಪರಿಹಾರ.

ಪತ್ತೆಯ ಕ್ರಮ

ಪರೀಕ್ಷೆಗೆ ಮೊದಲು ಮುಖ್ಯ ಕಡತಗಳ ಪ್ರತಿ ಮಾಡಿಕೊಳ್ಳಬೇಕು. ಆದರೆ ದೋಷಯುಕ್ತ ರ‍್ಯಾಮ್ ಮೂಲಕ ಸಾಗುವ ದತ್ತಾಂಶವು ಪ್ರತಿ ಮಾಡುವಾಗಲೇ ಸದ್ದಿಲ್ಲದೆ ಕೆಡಬಹುದು. ಛಾಯಾಚಿತ್ರಗಳೋ ಪ್ರಬಂಧದ ಕರಡೋ ಅದರಲ್ಲಿದ್ದರೆ ಶೇಖರಣಾ ಸಾಧನವನ್ನು ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸಿ ಪ್ರತಿ ಮಾಡುವುದು ಕ್ಷೇಮ. ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ ಮರುಪ್ರಾಪ್ತಿ ಕೀಲಿಯನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು.

ಅನಂತರ ಬಯೋಸನ್ನು ಮೂಲಸ್ಥಿತಿಗೆ ತಂದು, ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋವನ್ನು ನಿಷ್ಕ್ರಿಯಗೊಳಿಸಿ ನೋಡುವುದು ರೂಢಿ. ಇದಕ್ಕೆ ಖರ್ಚಿಲ್ಲ. ಸ್ತಂಭನ ಮುಂದುವರಿದರೆ ಒಂದೇ ರ‍್ಯಾಮ್ ಪಟ್ಟಿಯಿಂದ ಯಂತ್ರವನ್ನು ನಡೆಸಿ, ಬಳಿಕ ಮತ್ತೊಂದರಿಂದ ನಡೆಸಿ ಹೋಲಿಸಬೇಕು. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡನ್ನು ಕಳಚಿ ಪರೀಕ್ಷಿಸಬಹುದು. ಪ್ರತಿ ಬಾರಿಯೂ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೆ ಯಾವುದನ್ನು ಅಂಗಡಿಗೆ ಮರಳಿಸಬೇಕೆಂಬುದು ತಿಳಿಯದು.

ಕಾಯುವ ಅವಧಿಯೂ ಮುಖ್ಯ. ಮೂರು ದಿನಕ್ಕೊಮ್ಮೆ ಸ್ತಂಭಿಸುವ ಯಂತ್ರವು ಒಂದು ದಿನ ಸುಗಮವಾಗಿ ನಡೆದುದರಿಂದ ಏನೂ ಸಿದ್ಧವಾಗುವುದಿಲ್ಲ. ಕನಿಷ್ಠ ಹತ್ತು ದಿನವಾದರೂ ಗಮನಿಸಬೇಕು. ಪ್ರತಿ ಸ್ತಂಭನದ ದಿನಾಂಕ, ವೇಳೆ, ಆಗ ನಡೆಯುತ್ತಿದ್ದ ಕೆಲಸ ಮತ್ತು ಹಿಂದಿನ ಬದಲಾವಣೆಯನ್ನು ಕಾಗದದ ಮೇಲೆ ಗುರುತು ಹಾಕಿಟ್ಟುಕೊಂಡರೆ, ಆ ಹಾಳೆಯನ್ನು ಮೆಮ್‌ಟೆಸ್ಟ್ ಪರದೆಯ ಛಾಯಾಚಿತ್ರದೊಂದಿಗೆ ವಾರಂಟಿ ಕೋರಿಕೆಗೆ ಲಗತ್ತಿಸಬಹುದು.