ಅಂಗವೈಕಲ್ಯ ಸೌಲಭ್ಯ ಮತ್ತು ಕಾನೂನು ನೆರವು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ಮಲೆನಾಡು ತಾಲ್ಲೂಕುಗಳಲ್ಲಿ ಅಂಗವಿಕಲರು ಸರ್ಕಾರದ ಮಾಸಾಶನ, ಪರಿಹಾರ ಮತ್ತು ಮೀಸಲಾತಿ ಪಡೆಯಲು ಹಾದುಬಂದ ದಾರಿಯ ಇತಿಹಾಸ. ಆ ದಾರಿಯಲ್ಲಿ ವಕೀಲರು, ನ್ಯಾಯಾಲಯಗಳು ಮತ್ತು ಕಾನೂನು ಸೇವಾ ಸಮಿತಿಗಳು ವಹಿಸಿದ ಪಾತ್ರ. ಮೂರೂ ತಾಲ್ಲೂಕುಗಳು ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿವೆ. ತುಂಗೆ ಮತ್ತು ಭದ್ರೆಯ ಕಣಿವೆಗಳಲ್ಲಿ ಹರಡಿರುವ ಇಲ್ಲಿನ ಮನೆಗಳು ಬಯಲುಸೀಮೆಯ ಊರಿನಂತೆ ಗುಂಪಾಗಿಲ್ಲ, ತೋಟಕ್ಕೊಂದರಂತೆ ದೂರ ದೂರ ನಿಂತಿವೆ. ಜಿಲ್ಲಾಸ್ಪತ್ರೆ ಇರುವ ಚಿಕ್ಕಮಗಳೂರು ಶೃಂಗೇರಿಯಿಂದ ಘಾಟಿ ರಸ್ತೆಯಲ್ಲಿ 80 ಕಿ.ಮೀ.ಗೂ ಆಚೆ ಇದೆ. ಈ ದೂರವನ್ನು ಬಿಟ್ಟು ಇಲ್ಲಿನ ಅಂಗವೈಕಲ್ಯ ಸೌಲಭ್ಯಗಳ ಚರಿತ್ರೆಯನ್ನು ಹೇಳಲಾಗದು.

ಅಂಗವೈಕಲ್ಯಕ್ಕೆ ಹಣದ ಪರಿಹಾರ ಕೊಡಬೇಕೆಂಬ ಕಾನೂನು ಇಲ್ಲಿಗೆ ಮೊದಲು ಬಂದದ್ದು ಕೂಲಿಕಾರರ ಹಾದಿಯಲ್ಲಿ. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಕಾಫಿ, ಏಲಕ್ಕಿ ಎಸ್ಟೇಟುಗಳ ದುಡಿಮೆಗಾರರನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಕೆಲಸದ ವೇಳೆ ಕೈಕಾಲು ಕಳೆದುಕೊಂಡವರಿಗೆ ಮಾಲೀಕರೇ ಪರಿಹಾರ ಕೊಡಬೇಕು, ತಪ್ಪು ಯಾರದೆಂದು ಸಾಬೀತು ಮಾಡುವ ಅಗತ್ಯವಿಲ್ಲ ಎಂಬುದು ಅದರ ತಿರುಳು. 1975ರ ಡಿಸೆಂಬರಿನಲ್ಲಿ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದರ ಅರ್ಥವನ್ನು ಹಿಗ್ಗಿಸಿತು. ಎಡಗೈ ಕಳೆದುಕೊಂಡ ಬಡಗಿಗೆ ಬಲಗೈ ಉಳಿದಿದ್ದರೂ ಅವನ ಕಸುಬು ಉಳಿದಿಲ್ಲ, ಆದ್ದರಿಂದ ಅದು ಸಂಪೂರ್ಣ ಅಂಗವೈಕಲ್ಯವೇ ಎಂದು ಪೀಠ ತೀರ್ಮಾನಿಸಿತು. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ ಕೊನೆಗಾರನಿಗೂ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಹತ್ತಿ ಜಾರಿದವನಿಗೂ ಈ ತರ್ಕ ಹಾಗೆಯೇ ಹೊಂದುತ್ತದೆ. ಆದರೆ ದೊಡ್ಡ ಎಸ್ಟೇಟಿನಲ್ಲಿ ಹಾಜರಿ ಪುಸ್ತಕವಾದರೂ ಇರುತ್ತದೆ. ಎರಡೆಕರೆ ಅಡಿಕೆ ತೋಟದಲ್ಲಿ ದಿನಗೂಲಿಗೆ ಮರ ಹತ್ತುವವನ ಹತ್ತಿರ ತಾನು ಯಾರ ಕೆಲಸಗಾರನೆಂದು ತೋರಿಸುವ ಒಂದು ಚೀಟಿಯೂ ಇರುವುದಿಲ್ಲ. ಅತಿ ಹೆಚ್ಚು ಅಪಾಯದ ಕೆಲಸ ಮಾಡುವವನಿಗೇ ಕಾಯ್ದೆ ಅತಿ ಕಡಿಮೆ ಸಿಗುವ ಸ್ಥಿತಿ ಹೀಗೆ ಹುಟ್ಟಿತು.

ಕೆಲಸದ ವೇಳೆಯ ಅಪಘಾತವಲ್ಲದೆ ಹುಟ್ಟಿನಿಂದಲೋ ರೋಗದಿಂದಲೋ ಅಂಗವಿಕಲರಾದವರಿಗೆ ಉಳಿದದ್ದು ಕಂದಾಯ ಇಲಾಖೆಯ ಮಾಸಾಶನ. ಊರಿನ ಮಾತಿನಲ್ಲಿ ಅದು ಇಂದಿಗೂ ‘ಅಂಗವಿಕಲ ವೇತನ’. ಬಹುಕಾಲ ಅದು ಮನಿಯಾರ್ಡರಾಗಿ ಅಂಚೆಯವನ ಕೈಯಲ್ಲಿ ಬರುತ್ತಿತ್ತು. ಮಂಜೂರು ಮಾಡುವ ಅಧಿಕಾರ ತಾಲ್ಲೂಕು ಕಚೇರಿಯದು. ಗ್ರಾಮ ಲೆಕ್ಕಿಗರ ವರದಿ, ಆದಾಯ ಪ್ರಮಾಣಪತ್ರ ಮತ್ತು ವೈದ್ಯರ ಪ್ರಮಾಣಪತ್ರ ಅದಕ್ಕೆ ಆಧಾರ. ಕೇಂದ್ರ ಸರ್ಕಾರ 2009ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆ ತಂದಾಗ ಅದನ್ನು ಶೇ. 80ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯದ, ಬಡತನ ರೇಖೆಗಿಂತ ಕೆಳಗಿನವರಿಗೆ ಮಾತ್ರ ಮೀಸಲಿಟ್ಟಿತು. ಕರ್ನಾಟಕದ ಸ್ವಂತ ಯೋಜನೆ ಶೇ. 40ರಿಂದಲೇ ಆರಂಭವಾಗುತ್ತದೆ, ಇಲ್ಲಿನ ಬಹುಪಾಲು ಅರ್ಜಿದಾರರಿಗೆ ಆಸರೆಯಾದದ್ದು ಅದೇ.

ಶೇಕಡಾವಾರು ಅಳತೆ ಬದುಕಿನೊಳಗೆ ಕಾಲಿಟ್ಟದ್ದು 1995ರ ಅಂಗವಿಕಲರ ಕಾಯ್ದೆಯೊಂದಿಗೆ. 1996ರ ಫೆಬ್ರವರಿ 7ರಂದು ಜಾರಿಗೆ ಬಂದ ಅದು ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಶೇ. 40ನ್ನು ಗಡಿಯಾಗಿ ಇಟ್ಟಿತು. ಅಲ್ಲಿಂದ ಮುಂದೆ ‘ಪರ್ಸೆಂಟೇಜ್ ಎಷ್ಟು ಬಂತು?’ ಎಂಬುದೇ ಮೊದಲ ಪ್ರಶ್ನೆಯಾಯಿತು. ಆ ಅಂಕಿಗಾಗಿ ಜಿಲ್ಲಾಸ್ಪತ್ರೆಗೆ ಹೋಗಬೇಕು, ತಜ್ಞರು ಕೂರುವ ದಿನ ತಿಳಿದಿರಬೇಕು, ನಡೆಯಲಾಗದವರನ್ನು ಎತ್ತಿಕೊಂಡು ಬಸ್ಸು ಹತ್ತಿಸಬೇಕು. ಅಂಗವಿಕಲರಿಗೆ 100 ಕಿ.ಮೀ. ವ್ಯಾಪ್ತಿಯ ರಿಯಾಯಿತಿ ಪಾಸನ್ನು ಕೊಡುವುದು ಸರ್ಕಾರಿ ಸಾರಿಗೆ ಸಂಸ್ಥೆ. ಆದರೆ ಈ ತಾಲ್ಲೂಕುಗಳ ಒಳದಾರಿಗಳಲ್ಲಿ ಓಡುತ್ತಿದ್ದದ್ದು ಹೆಚ್ಚಾಗಿ ಖಾಸಗಿ ಬಸ್ಸುಗಳು ಮತ್ತು ಕೊಪ್ಪದ ಕಾರ್ಮಿಕರೇ 1991ರಲ್ಲಿ ಕಟ್ಟಿಕೊಂಡ ಸಹಕಾರ ಸಾರಿಗೆ. ಕಾರ್ಮಿಕರೇ ಮಾಲೀಕರಾಗಿ ನಡೆಸಿದ ಆ ಅಪರೂಪದ ಸಂಸ್ಥೆ 2020ರಲ್ಲಿ ಓಡಾಟ ನಿಲ್ಲಿಸಿತು. ಬಸ್ಸಿನ ವಿಷಯ ಇಲ್ಲಿ ಹೊರಗಿನದೆಂದು ತೋರಬಹುದು. ಆದರೆ ಪ್ರಮಾಣಪತ್ರವಿಲ್ಲದ ಕಾರಣಕ್ಕೆ ಮಾಸಾಶನ ತಪ್ಪಿದವರ ಕಥೆಯನ್ನು ಕೆದಕಿದರೆ ಎಷ್ಟೋ ಸಲ ಸಿಗುವುದು ತಪ್ಪಿಹೋದ ಬಸ್ಸು.

ಶೇಕಡಾವಾರು ಅಳತೆಯ ಕಷ್ಟವನ್ನು ಮಲೆನಾಡಿನಲ್ಲಿ ಹಂದಿಗೋಡು ಕಾಯಿಲೆಯಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸಿಲ್ಲ. ಸೊಂಟ ಮತ್ತು ಮಂಡಿಯ ಕೀಲುಗಳನ್ನು ಸವೆಸಿ, ಕೆಲವರಲ್ಲಿ ದೇಹವನ್ನೇ ಗಿಡ್ಡಾಗಿಸುವ ಈ ರೋಗ 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಿಂದ ವರದಿಯಾಯಿತು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡು ಭಾಗದಲ್ಲಿ, ಮುಖ್ಯವಾಗಿ ಚಲವಾದಿ ಮತ್ತು ಚನ್ನಂಗಿ ಸಮುದಾಯಗಳ ಕೂಲಿ ಕುಟುಂಬಗಳಲ್ಲಿ ಅದು ಕಂಡುಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದು ವಿವರಿಸಿದರು. ಇದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆಯ ದೋಷವೆಂದೂ ಇದರಲ್ಲಿ ಮೂರು ಬಗೆಗಳಿವೆಯೆಂದೂ ನಂತರದ ಅಧ್ಯಯನಗಳು ಹೇಳಿದವು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವುದೇ ಜೀವನವಾದವರಿಗೆ ಸೊಂಟದ ನೋವು ಎಂದರೆ ಅನ್ನವೇ ನಿಂತಂತೆ. ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯ ಮಾರ್ಗಸೂಚಿ ಮಾತ್ರ ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿನಲ್ಲಿ ಎಷ್ಟು ಬಲವಿದೆ ಎಂಬುದಕ್ಕೆ ಹೆಚ್ಚು ತೂಕ ಕೊಡುತ್ತದೆ. ರೋಗದ ಮೊದಲ ಹಂತದಲ್ಲಿ, ದುಡಿಯಲಾಗದಿದ್ದರೂ ಶೇ. 40 ದಾಟದಿರುವ ಸಾಧ್ಯತೆ ಇಂಥ ಅಳತೆಯಲ್ಲೇ ಅಡಗಿದೆ. ಕುಬ್ಜತೆಯನ್ನು ಕಾನೂನು ಹೆಸರು ಹಿಡಿದು ಪಟ್ಟಿಗೆ ಸೇರಿಸಿದ್ದು 2016ರಲ್ಲಿ. ರೋಗ ವೈದ್ಯರ ಕಣ್ಣಿಗೆ ಬಿದ್ದು ಅಷ್ಟರಲ್ಲಿ ನಾಲ್ಕು ದಶಕಗಳು ಕಳೆದಿದ್ದವು.

ಉಚಿತ ಕಾನೂನು ನೆರವಿನ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1976ರ 42ನೆಯ ತಿದ್ದುಪಡಿ ಸಂವಿಧಾನಕ್ಕೆ ಉಚಿತ ಕಾನೂನು ನೆರವಿನ 39ಎ ವಿಧಿಯನ್ನು ಸೇರಿಸಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಬಂದದ್ದು ಈ ಕಾಯ್ದೆಯ ಅಡಿಯಲ್ಲೇ. ಆಯಾ ತಾಲ್ಲೂಕಿನ ಹಿರಿಯ ನ್ಯಾಯಾಧೀಶರು ಅದರ ಅಧ್ಯಕ್ಷರು. ಕಾಯ್ದೆಯ 12ನೆಯ ಕಲಮಿನಲ್ಲಿ ಉಚಿತ ವಕೀಲರಿಗೆ ಅರ್ಹರಾದವರ ಪಟ್ಟಿ ಇದೆ. ಅದರಲ್ಲಿ ಅಂಗವಿಕಲರು ಪ್ರತ್ಯೇಕ ವರ್ಗ. ಆದಾಯದ ಮಿತಿ ಅವರಿಗೆ ಅಡ್ಡಿಯಲ್ಲ. ಮಾಸಾಶನಕ್ಕೆ ವರ್ಷಕ್ಕೆ 32,000 ರೂಪಾಯಿಯ ಮಿತಿ ದಾಟಿದ್ದಾರೆಂದು ಅರ್ಜಿ ತಿರಸ್ಕೃತವಾದವರೂ ಆ ತಿರಸ್ಕಾರವನ್ನು ಪ್ರಶ್ನಿಸಲು ಸರ್ಕಾರದ ಖರ್ಚಿನಲ್ಲೇ ವಕೀಲರನ್ನು ಕೇಳಬಹುದು. ಇದು ಊರೂರಿಗೆ ತಲುಪಬೇಕಾದ ಮಾತು.

ಈ ಏರ್ಪಾಡು ಇಲ್ಲಿಗೆ ಏಕೆ ಇಷ್ಟು ಮುಖ್ಯವೆಂಬುದಕ್ಕೆ ವಕೀಲಿಕೆಯ ಹಣಕಾಸನ್ನೇ ನೋಡಬೇಕು. ಅಮೆರಿಕದಲ್ಲಿ 1956ರಿಂದ ಸಾಮಾಜಿಕ ಭದ್ರತೆಯ ಅಂಗವೈಕಲ್ಯ ವಿಮೆ ಇದೆ. ಗೆದ್ದರೆ ಬಾಕಿ ಹಣದ ಗರಿಷ್ಠ ಶೇ. 25ರಷ್ಟನ್ನು ವಕೀಲರು ಶುಲ್ಕವಾಗಿ ಪಡೆಯಬಹುದು. ಹಾಗಾಗಿ ಅಂಥ ಅರ್ಜಿಗಳನ್ನೇ ನಂಬಿಕೊಂಡ ದೊಡ್ಡ ವೃತ್ತಿವಲಯವೊಂದು ಅಲ್ಲಿ ಬೆಳೆದಿದೆ. ಭಾರತದ ವಕೀಲರ ಪರಿಷತ್ತಿನ ನಿಯಮಗಳು ಫಲಿತಾಂಶಕ್ಕೆ ಕಟ್ಟಿದ ಶುಲ್ಕವನ್ನು ನಿಷೇಧಿಸುತ್ತವೆ. ತಿಂಗಳಿಗೆ ಕೆಲವು ನೂರು ರೂಪಾಯಿಯ ಮಾಸಾಶನದ ಮೇಲೆ ಯಾವ ವಕೀಲರೂ ಕಚೇರಿ ನಡೆಸಲಾರರು. ಕೊಪ್ಪ ಅಥವಾ ಶೃಂಗೇರಿಯ ನ್ಯಾಯಾಲಯದಲ್ಲಿ ಅಂಗವೈಕಲ್ಯದ ಶೇಕಡಾವಾರು ಚರ್ಚೆ ಕೇಳಬೇಕಾದರೆ ವಾಹನ ಅಪಘಾತದ ಮೊಕದ್ದಮೆಗೇ ಕಿವಿಗೊಡಬೇಕು. ಒಂದು ಅಂಗಕ್ಕಾದ ಊನದ ಪ್ರಮಾಣವೇ ಗಳಿಕೆಯ ನಷ್ಟದ ಪ್ರಮಾಣವಲ್ಲ, ಅವರವರ ಕಸುಬನ್ನು ನೋಡಿ ಲೆಕ್ಕ ಹಾಕಬೇಕು ಎಂದು ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ ಮಾತು ಅಲ್ಲಿ ಬಳಕೆಯಲ್ಲಿದೆ. ಮಾಸಾಶನದ ಕಚೇರಿಯಲ್ಲಿ ಅದೇ ವಿವೇಕಕ್ಕೆ ಜಾಗವಿಲ್ಲ.

ಪ್ರತಿದಿನದ ನೆರವು ಬರುವುದು ವಕೀಲರಿಗಿಂತ ಕೆಳಗಿನ ಸ್ತರದಿಂದ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗೌರವಧನಕ್ಕೆ ದುಡಿಯುತ್ತಾರೆ. ಬಹಳಷ್ಟು ಮಂದಿ ಸ್ವತಃ ಅಂಗವಿಕಲರು. ಕಾನೂನು ಸೇವಾ ಸಮಿತಿಗೆ ಅರೆಕಾಲಿಕ ಕಾನೂನು ಸ್ವಯಂಸೇವಕರ ಬಲವಿದೆ. ಅರ್ಜಿ ಬರೆಯುವುದು, ಆಧಾರ್‌ನಲ್ಲಿ ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು ಆಗಿರುವ ಹೆಸರನ್ನು ಸರಿಪಡಿಸುವುದು, ನಾಡಕಚೇರಿಯಲ್ಲಿ ಸ್ವೀಕೃತಿ ಪಡೆಯುವುದು ಇವರ ಕೆಲಸ. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ, ಸರ್ಕಾರಿ ಸೇವೆಗೆ ಗಡುವು ಹಾಕುವ ಸಕಾಲ ಯೋಜನೆಯ ನಂತರ ಆ ಸ್ವೀಕೃತಿ ಚೀಟಿಗೆ ಕಾನೂನಿನ ತೂಕ ಬಂತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಅರ್ಜಿದಾರರಿಗೆ ಸಿಕ್ಕಿತು.

2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು ಏಳರಿಂದ ಇಪ್ಪತ್ತೊಂದಕ್ಕೆ ಏರಿಸಿತು. ಕುಬ್ಜತೆಯ ಜೊತೆ ಸ್ನಾಯುಕ್ಷಯ, ಪಾರ್ಕಿನ್ಸನ್, ತಲಸ್ಸೇಮಿಯಾ, ಆ್ಯಸಿಡ್ ದಾಳಿಗೆ ಒಳಗಾದವರೂ ಸೇರಿದರು. ಪ್ರಮಾಣಪತ್ರದ ತೀರ್ಮಾನದಿಂದ ಅಸಮಾಧಾನವಿದ್ದರೆ 59ನೆಯ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು. ನಿಯಮಗಳು ಅದಕ್ಕೆ 90 ದಿನ ಕೊಡುತ್ತವೆ. ಕಾನೂನು ನೆರವು ಅತಿ ಹೆಚ್ಚು ಬೇಕಾದ ಜಾಗ ಇದೇ. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದಾಗ ಶೇ. 40ರಿಂದ 75ರವರೆಗಿನವರ ಮಾಸಾಶನ 600ರಿಂದ 800 ರೂಪಾಯಿಗೆ ಏರಿತು. 75 ದಾಟಿದವರಿಗೆ 1,400 ರೂಪಾಯಿ ಇತ್ತು. ಒಂದೆರಡು ಅಂಕದ ವ್ಯತ್ಯಾಸಕ್ಕೆ ತಿಂಗಳಿಗೆ 600 ರೂಪಾಯಿ ಕೈತಪ್ಪುವ ಈ ಏರ್ಪಾಡಿನಲ್ಲಿ ಮೇಲ್ಮನವಿಯ ಅವಧಿ ಗೊತ್ತಿಲ್ಲದೆ ಕಳೆದುಹೋಗುವುದು ದೊಡ್ಡ ನಷ್ಟ.

ಅದೇ ಕಾಯ್ದೆಯ 24ನೆಯ ಕಲಮು ಇನ್ನೊಂದು ಪ್ರಶ್ನೆ ಎತ್ತುತ್ತದೆ. ಅಂಗವಿಕಲರಿಗೆ ಕೊಡುವ ಸಾಮಾಜಿಕ ಭದ್ರತೆಯ ಮೊತ್ತ ಇತರರ ಅಂಥದೇ ಯೋಜನೆಗಳಿಗಿಂತ ಕನಿಷ್ಠ ಶೇ. 25 ಹೆಚ್ಚಿರಬೇಕೆಂದು ಅದು ಹೇಳುತ್ತದೆ. 2021ರ ಘೋಷಣೆಯಲ್ಲಿ ವೃದ್ಧರ ಸಂಧ್ಯಾ ಸುರಕ್ಷಾ 1,200, ವಿಧವಾ ವೇತನ 800, ಶೇ. 75ರವರೆಗಿನ ಅಂಗವಿಕಲರಿಗೂ 800. ಯಾವುದನ್ನು ‘ಅಂಥದೇ’ ಯೋಜನೆಯೆಂದು ಹಿಡಿದರೂ ಈ ಲೆಕ್ಕ ಕಾಯ್ದೆಯ ಮಾತಿಗೆ ಕೂಡಿಬರುವುದಿಲ್ಲ.

ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗತೊಡಗಿದ ಮೇಲೆ ತಿರಸ್ಕಾರದ ಜೊತೆಗೆ ನಿಲುಗಡೆಯೂ ಒಂದು ಸಮಸ್ಯೆಯಾಯಿತು. ಆಧಾರ್ ಜೋಡಣೆಯಾಗದೆ ಬರುತ್ತಿದ್ದ ಮಾಸಾಶನ ನಿಂತರೆ, ಕಾರಣ ಬರೆದ ಆದೇಶದ ಪ್ರತಿಯನ್ನು ಕೇಳುವುದು ಮೊದಲ ಹೆಜ್ಜೆ, ಏಕೆಂದರೆ ಆದೇಶವಿಲ್ಲದೆ ಮೇಲ್ಮನವಿಗೆ ಬುಡವಿಲ್ಲ. ಹೋಬಳಿ ಮಟ್ಟದ ಪಿಂಚಣಿ ಅದಾಲತ್‌ಗಳಲ್ಲಿ ಇಂಥವು ಸ್ಥಳದಲ್ಲೇ ಇತ್ಯರ್ಥವಾಗುವುದುಂಟು. 2024ರ ಅಕ್ಟೋಬರಿನಲ್ಲಿ ಕೇಂದ್ರ ನಿಯಮಗಳಿಗೆ ತಿದ್ದುಪಡಿಯಾಗಿ, ಪ್ರಮಾಣಪತ್ರ ನೀಡಲು ವೈದ್ಯಾಧಿಕಾರಿಗಿದ್ದ ಒಂದು ತಿಂಗಳ ಗಡುವು ಮೂರು ತಿಂಗಳಾಯಿತು. ಕಿಗ್ಗ, ಬಾಳೆಹೊನ್ನೂರು, ಹರಿಹರಪುರ ಸುತ್ತಿನ ಅರ್ಜಿದಾರರು ಆನ್‌ಲೈನಿನಲ್ಲಿ ಅರ್ಜಿ ಹಾಕಿ ಕಾಯುವಾಗ ನೆನಪಿಡಬೇಕಾದ ಅವಧಿ ಈಗ ಇದು. ಅದು ಮೀರಿದರೆ ತಾಲ್ಲೂಕು ನ್ಯಾಯಾಲಯದ ಆವರಣದ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.